ಓದುಗರ ಪ್ರಶ್ನೆ: ಇಷ್ಟೊಂದು ಆಮದು ಯಾಕೆ?

ಅಡುಗೆ ಎಣ್ಣೆ, ತೊಗರಿ, ಚಿನ್ನ, ಯಂತ್ರ ಹೀಗೆ ಆಮದಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ರೂಪಾಯಿ ಇಳಿದರೆ ಆಮದು ತುಟ್ಟಿಯಾಗಿ, ಬೇಡಿಕೆ ತಾನಾಗಿಯೇ ತಗ್ಗುತ್ತದೆ ಎಂದು ಪಠ್ಯಪುಸ್ತಕದಲ್ಲಿದೆ. ಆದರೆ ರೂಪಾಯಿ ಇಳಿದಾಗಲೆಲ್ಲ ಆಮದು ವೆಚ್ಚ ಏರಿತು ಎಂದೇ ಸುದ್ದಿ ಬರುತ್ತದೆ. ಯಾವುದನ್ನು ನಂಬಬೇಕು?
— ಬಿ.ಕಾಂ. ವಿದ್ಯಾರ್ಥಿನಿ, ಧಾರವಾಡ

ಎರಡೂ ಸರಿ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಡಾಲರ್ ದರ ಶೇ 10ರಷ್ಟು ಏರಿತು, ಅದರಿಂದಾಗಿ ನಾವು ತರಿಸುವ ಪ್ರಮಾಣ ಶೇ 2ರಷ್ಟು ಇಳಿಯಿತು ಎಂದುಕೊಳ್ಳಿ. ರೂಪಾಯಿ ಲೆಕ್ಕದಲ್ಲಿ ವೆಚ್ಚ 1.10 × 0.98, ಅಂದರೆ ಶೇ 7.8ರಷ್ಟು ಹೆಚ್ಚಾಯಿತು. ಡಾಲರ್ ಲೆಕ್ಕದಲ್ಲಿ ಶೇ 2ರಷ್ಟು ಕಡಿಮೆಯಾಯಿತು. ಒಂದೇ ತಿಂಗಳ ವ್ಯಾಪಾರದಿಂದ ಎರಡು ತದ್ವಿರುದ್ಧ ತಲೆಬರಹ ಬರೆಯಬಹುದು. ಸುದ್ದಿ ಓದುವಾಗ ಅಂಕಿ ಯಾವ ನಾಣ್ಯದಲ್ಲಿದೆ ಎಂಬುದನ್ನು ಮೊದಲು ನೋಡಿ.

ಬೆಲೆ ಶೇ 10ರಷ್ಟು ಏರಿದರೂ ಪ್ರಮಾಣ ಇಷ್ಟು ಕಡಿಮೆ ಇಳಿಯುವುದೇಕೆ? ಬದಲಿ ಇಲ್ಲದಿರುವುದರಿಂದ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತದೆ. ಡಾಲರ್ ಏರಿತೆಂದು ಲಾರಿ ನಿಲ್ಲುವುದಿಲ್ಲ, ಪಂಪ್‌ಸೆಟ್ ನಿಲ್ಲುವುದಿಲ್ಲ. ಪೊಟ್ಯಾಷ್ ಗೊಬ್ಬರವಂತೂ ಪೂರ್ತಿ ಹೊರಗಿನದೇ.

ಇನ್ನೊಂದು ಕಾರಣ, ಏರಿದ ಬೆಲೆ ಬಳಸುವವನ ಕಣ್ಣಿಗೇ ಬೀಳದಿರುವುದು. 2022ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಯೂರಿಯಾ ದರ ಆಕಾಶಕ್ಕೇರಿದಾಗಲೂ ನಮ್ಮ ರೈತನಿಗೆ 45 ಕಿಲೋ ಚೀಲ, ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿಗೇ ಸಿಕ್ಕಿತು. ಹೊರೆ ಹೊತ್ತದ್ದು ಬೊಕ್ಕಸ. ರೈತರ ಹಿತಕ್ಕೆ ಅದು ಬೇಕಿತ್ತು ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಅಂಥ ಸರಕಿನ ಆಮದು ಬೇಡಿಕೆಯನ್ನು ಬೆಲೆ ತಗ್ಗಿಸಲಾರದು. ಮಳೆ ಎಷ್ಟು ಬಿತ್ತು, ಮೆಕ್ಕೆಜೋಳ ಮತ್ತು ಭತ್ತ ಎಷ್ಟು ಎಕರೆಗೆ ಹಬ್ಬಿತು ಎನ್ನುವುದೇ ಅದನ್ನು ತೀರ್ಮಾನಿಸುತ್ತದೆ.

ಒಪ್ಪಂದಗಳ ಅವಧಿಯನ್ನೂ ಮರೆಯಬಾರದು. ಇವತ್ತು ಬಂದರಿಗೆ ಬಂದ ಸರಕಿಗೆ ಎರಡು ಮೂರು ತಿಂಗಳ ಹಿಂದೆಯೇ ಆರ್ಡರ್ ಹೋಗಿರುತ್ತದೆ. ಹಾಗಾಗಿ ರೂಪಾಯಿ ಇಳಿದ ಮೊದಲ ತಿಂಗಳುಗಳಲ್ಲಿ ಬಿಲ್ ಮಾತ್ರ ಏರುತ್ತದೆ. ಪ್ರಮಾಣ ಇಳಿಯುವುದಿದ್ದರೆ ಆಮೇಲೆ.

ಇವೆಲ್ಲಕ್ಕಿಂತ ದೊಡ್ಡದು ಆದಾಯ. ಭಾರತದ ಸರಕು ಆಮದು 2019-20ರಲ್ಲಿ ಸುಮಾರು 474 ಬಿಲಿಯನ್ ಡಾಲರ್ ಇತ್ತು. ಲಾಕ್‌ಡೌನ್ ಬಂದ 2020-21ರಲ್ಲಿ ಸುಮಾರು 394 ಬಿಲಿಯನ್‌ಗೆ ಕುಸಿಯಿತು, ಮರುವರ್ಷವೇ 613 ಬಿಲಿಯನ್‌ಗೆ ಜಿಗಿಯಿತು. ಈ ಮೂರು ವರ್ಷಗಳಲ್ಲಿ ರೂಪಾಯಿಯ ಸರಾಸರಿ ದರ ಡಾಲರ್‌ಗೆ 71ರಿಂದ 74-75ರ ಆಸುಪಾಸಿಗೆ ಹೋಯಿತು, ಅಷ್ಟೇ. ಕೊನೆಯ ಜಿಗಿತದಲ್ಲಿ ತೈಲದ ಬೆಲೆ ಏರಿಕೆಯ ಪಾಲೂ ಇದೆ. ಆದರೂ ಕಾರ್ಖಾನೆ ನಿಂತರೆ ಆಮದು ನಿಲ್ಲುತ್ತದೆ, ಕಾರ್ಖಾನೆ ಓಡಿದರೆ ಆಮದೂ ಓಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಂಕಿ ಇಲ್ಲ. ಪರೀಕ್ಷೆಯಲ್ಲಿ ‘ಆಮದು ಬೇಡಿಕೆಯನ್ನು ನಿರ್ಧರಿಸುವ ಅಂಶಗಳು’ ಎಂದು ಕೇಳಿದರೆ ಆದಾಯವನ್ನು ಮೊದಲು ಬರೆಯಿರಿ, ವಿನಿಮಯ ದರವನ್ನು ಆಮೇಲೆ. ವಿನಿಮಯ ದರದ ಜೊತೆ ದೇಶದೊಳಗಿನ ಹಣದುಬ್ಬರವನ್ನೂ ಸೇರಿಸಿ: ರೂಪಾಯಿ ಶೇ 5ರಷ್ಟು ಇಳಿದು, ನಮ್ಮಲ್ಲಿ ಬೆಲೆಗಳು ಹೊರದೇಶಕ್ಕಿಂತ ಶೇ 5ರಷ್ಟು ಹೆಚ್ಚು ಏರಿದರೆ, ವಿದೇಶಿ ಸರಕು ಹಿಂದಿನಷ್ಟೇ ಅಗ್ಗ.

ಪ್ರಶ್ನೆ: ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಸೂರ್ಯಕಾಂತಿ. ಈಗ ಅಂಗಡಿಯ ಎಣ್ಣೆ ರಷ್ಯಾ, ಉಕ್ರೇನ್‌ನಿಂದ ಬರುತ್ತದೆ. ನಾವು ಬೆಳೆಯುವುದನ್ನು ಬಿಟ್ಟದ್ದಕ್ಕೆ ಆಮದು ಬಂತೋ, ಆಮದು ಬಂದದ್ದಕ್ಕೆ ನಾವು ಬಿಟ್ಟೆವೋ?
— ಬೆಳೆಗಾರರು, ಕೊಪ್ಪಳ ಜಿಲ್ಲೆ

ಎರಡೂ ಒಂದನ್ನೊಂದು ತಳ್ಳಿದವು. ಹೇಗೆಂದು ಬಿಡಿಸಿ ಹೇಳುವುದು ಅಗತ್ಯ, ಯಾಕೆಂದರೆ ಎಣ್ಣೆಯ ಕಥೆಯಲ್ಲಿ ಆಮದು ಬೇಡಿಕೆಯ ಎಲ್ಲ ಎಳೆಗಳೂ ಸಿಗುತ್ತವೆ.

1986ರಲ್ಲಿ ಎಣ್ಣೆಕಾಳು ತಾಂತ್ರಿಕ ಮಿಷನ್ ಶುರುವಾಗಿ, 1990ರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಬಹುತೇಕ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ (ತಾಳೆ ಅಥವಾ ಪಾಮ್ ಎಣ್ಣೆಯ ತೆಳು ರೂಪ) ಆಮದನ್ನು ಶೇ 65ರ ಸುಂಕದೊಂದಿಗೆ ಮುಕ್ತಗೊಳಿಸಲಾಯಿತು. 1998ರ ಹೊತ್ತಿಗೆ ಸುಂಕ ಶೇ 15ಕ್ಕೆ ಇಳಿದಿತ್ತು. ಅದೇ ಹೊತ್ತಿಗೆ, 1997ರಲ್ಲಿ, ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ಕಾಣಿಸಿಕೊಂಡಿತು. ಥ್ರಿಪ್ಸ್ ನುಸಿಯ ಮೂಲಕ ಹರಡುವ ವೈರಸ್ ಅದು. ತೆನೆ ತಿರುಚಿಕೊಂಡು ಕಾಳು ಕಟ್ಟುವುದೇ ಇಲ್ಲ. ಒಂದು ಕಡೆ ಬೆಲೆಗೆ ಪೆಟ್ಟು, ಇನ್ನೊಂದು ಕಡೆ ಬೆಳೆಗೆ ಪೆಟ್ಟು. ಗಿಣಿ ಕಾಟ, ಜೊಳ್ಳು ಕಾಳು ಬೇರೆ. ನೀರಿದ್ದವರು ಮೆಕ್ಕೆಜೋಳಕ್ಕೆ, ಹತ್ತಿಗೆ ತಿರುಗಿದರು. 1990ರ ದಶಕದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿ ಈಗ ಅದರ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಬಂದು ನಿಂತಿದೆ.

ಇದು ಪೂರೈಕೆಯ ಕಡೆ. ಬೇಡಿಕೆಯ ಕಡೆ ಆದದ್ದು ಇನ್ನೂ ದೊಡ್ಡದು. 1990ರ ದಶಕದ ಆರಂಭದಲ್ಲಿ ತಲಾ ವರ್ಷಕ್ಕೆ 6-7 ಕಿಲೋ ಇದ್ದ ಎಣ್ಣೆ ಬಳಕೆ ಈಗ 20 ಕಿಲೋ ಆಸುಪಾಸಿಗೆ ಬಂದಿದೆ. ಮನೆಯ ಬಾಣಲೆಯೊಂದೇ ಕಾರಣವಲ್ಲ. ಹೋಟೆಲ್, ಬೇಕರಿ, ಬಿಸ್ಕತ್ತು, ಖಾರಾ ಮಿಕ್ಸ್‌ಚರ್, ಸಾಬೂನು ಎಲ್ಲವೂ ಎಣ್ಣೆ ಕುಡಿಯುತ್ತವೆ. ಬೇಕರಿಗೆ ಪಾಮ್ ಎಣ್ಣೆಯೇ ಬೇಕು, ಯಾಕೆಂದರೆ ಅದು ಸಾಮಾನ್ಯ ಉಷ್ಣತೆಯಲ್ಲಿ ಅರೆಗಟ್ಟಿ. ಕರಿಯುವವರಿಗೂ ಅದೇ ಅನುಕೂಲ, ಬೇಗ ಕೆಡುವುದಿಲ್ಲ. ಪಾಮ್ ಎಣ್ಣೆ ಕೊಳ್ಳುವುದೇ ಇಲ್ಲ ಎನ್ನುವ ಮನೆಗೂ ಅದು ಬಿಸ್ಕತ್ತಿನ ಪೊಟ್ಟಣದಲ್ಲಿ ಬರುತ್ತದೆ.

ಈಗ ಹೊಲದ ಲೆಕ್ಕ. 140 ಕೋಟಿ ಜನ ತಲಾ ಒಂದೇ ಕಿಲೋ ಹೆಚ್ಚು ಬಳಸಿದರೂ ಬೇಕಾಗುವುದು 14 ಲಕ್ಷ ಟನ್ ಎಣ್ಣೆ. ಹೆಕ್ಟೇರಿಗೆ 9 ಕ್ವಿಂಟಲ್ ಸೂರ್ಯಕಾಂತಿ ಬೆಳೆದು, ಅದರಲ್ಲಿ ಶೇ 38 ಎಣ್ಣೆ ಬಂದರೆ ಸಿಗುವುದು ಸುಮಾರು 3.4 ಕ್ವಿಂಟಲ್. ಆ ಒಂದು ಕಿಲೋ ಹೆಚ್ಚಳಕ್ಕೆ 41 ಲಕ್ಷ ಹೆಕ್ಟೇರ್ ಬೇಕು! ತಾಳೆ ತೋಟ ಹೆಕ್ಟೇರಿಗೆ 35-40 ಕ್ವಿಂಟಲ್ ಎಣ್ಣೆ ಕೊಡುತ್ತದೆ. ಇಂಡೋನೇಷ್ಯಾ, ಮಲೇಷ್ಯಾದ ಎಣ್ಣೆ ಸಮುದ್ರ ದಾಟಿ ಬಂದರೂ ಅಗ್ಗವಾಗಿರುವುದು ಇದರಿಂದಲೇ. ಕಪ್ಪು ಸಮುದ್ರದ ದೇಶಗಳಲ್ಲಿ ಸೂರ್ಯಕಾಂತಿಯ ಇಳುವರಿಯೂ ನಮ್ಮದರ ಎರಡು ಪಟ್ಟಿಗಿಂತ ಹೆಚ್ಚು.

ಹೀಗಾಗಿ ದೇಶ ವರ್ಷಕ್ಕೆ ಸುಮಾರು 160 ಲಕ್ಷ ಟನ್ ಅಡುಗೆ ಎಣ್ಣೆ ತರಿಸುತ್ತದೆ, ಒಟ್ಟು ಬಳಕೆಯ ಅರ್ಧಕ್ಕಿಂತ ಹೆಚ್ಚು. ಎಣ್ಣೆಗಳ ನಡುವೆ ಮಾತ್ರ ಬೆಲೆ ಬಹಳ ಬೇಗ ಕೆಲಸ ಮಾಡುತ್ತದೆ. ಪಾಮ್ ದರ ಸೋಯಾ ದರವನ್ನು ದಾಟಿತೋ, ರಿಫೈನರಿಗಳು ಮುಂದಿನ ಆರ್ಡರನ್ನೇ ಅರ್ಜೆಂಟೀನಾ, ಬ್ರೆಜಿಲ್‌ಗೆ ಕಳಿಸುತ್ತವೆ. 2024-25ರಲ್ಲಿ ಹಾಗೇ ಆಯಿತು. ಒಟ್ಟು ಎಣ್ಣೆಯ ಬೇಡಿಕೆ ಹೆಚ್ಚು ಜಗ್ಗಲಿಲ್ಲ, ಯಾವ ಎಣ್ಣೆ ಎನ್ನುವುದು ಬದಲಾಯಿತು.

ಸುಂಕ ಏರಿಸಿ ಎಂದು ಬೆಳೆಗಾರರು ಕೇಳುವುದು ನ್ಯಾಯವೇ. ಸೋಯಾಬೀನ್ ದರ ಕ್ವಿಂಟಲ್‌ಗೆ 4,892 ರೂ. ಬೆಂಬಲ ಬೆಲೆಗಿಂತ ಕೆಳಗಿದ್ದಾಗ, 2024ರ ಸೆಪ್ಟೆಂಬರ್ 14ರಿಂದ ಕಚ್ಚಾ (ಶುದ್ಧಿ ಮಾಡದ) ಅಡುಗೆ ಎಣ್ಣೆಯ ಮೂಲ ಸುಂಕವನ್ನು ಶೂನ್ಯದಿಂದ ಶೇ 20ಕ್ಕೆ ಏರಿಸಲಾಯಿತು. ಶೇ 5ರ ಕೃಷಿ ಮೂಲಸೌಕರ್ಯ ಸೆಸ್ ಮತ್ತು ಇವೆರಡರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ ಒಟ್ಟು ಶೇ 27.5. ರಿಫೈನ್ಡ್ ಎಣ್ಣೆಗೆ ಶೇ 35.75. ಎಂಟು ತಿಂಗಳು ಕಳೆದು, 2025ರ ಮೇ 30ರಂದು ಕಚ್ಚಾ ಎಣ್ಣೆಯ ಮೂಲ ಸುಂಕ ಶೇ 10ಕ್ಕೆ ಇಳಿಯಿತು, ಒಟ್ಟು ಶೇ 16.5 ಆಯಿತು. ಅಂದರೆ ಮುಂಗಾರು ಬಿತ್ತನೆ ಆರಂಭವಾಗುವ ಹೊತ್ತಿನಲ್ಲೇ ಇಳಿಸಿದ್ದು. ಏನು ಬಿತ್ತಬೇಕೆಂದು ರೈತ ಯೋಚಿಸುವ ವಾರದಲ್ಲಿ ಇಂಥ ಬದಲಾವಣೆ ಬಂದರೆ ಎಣ್ಣೆಕಾಳಿನ ಮೇಲೆ ಯಾರು ಭರವಸೆ ಇಡುತ್ತಾರೆ? ಸುಂಕದ ಪ್ರಮಾಣಕ್ಕಿಂತ ಅದರ ಅನಿಶ್ಚಿತತೆಯೇ ಹೆಚ್ಚು ಹಾನಿ ಮಾಡಿದೆ ಎನ್ನುವುದು ನಮ್ಮ ಅಭಿಪ್ರಾಯ.

ಕಚ್ಚಾ ಮತ್ತು ರಿಫೈನ್ಡ್ ನಡುವಿನ ಅಂತರವೂ ಮುಖ್ಯ. ಅದು ಶೇ 8.25 ಇದ್ದಾಗ ಸಿದ್ಧ ಪಾಮೋಲಿನ್ ತರಿಸುವುದೇ ಲಾಭವಾಗಿ ನಮ್ಮ ರಿಫೈನರಿಗಳು ಅರ್ಧ ಓಡಿದವು. ಅಂತರ 19.25ಕ್ಕೆ ಏರಿದ ಮೇಲೆ ಕಚ್ಚಾ ಎಣ್ಣೆಗೆ ಬೇಡಿಕೆ ಮರಳಿತು. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಸುಂಕವಿಲ್ಲದೆ ನೇಪಾಳದಿಂದ ಸೋಯಾ ಎಣ್ಣೆ ಹರಿದು ಬಂದದ್ದನ್ನೂ ಇಲ್ಲೇ ನೆನೆಯಬೇಕು. ಅಲ್ಲಿ ಬೆಳೆದ ಸೋಯಾ ಅಲ್ಲ ಅದು, ಹೊರಗಿನಿಂದ ತರಿಸಿ ಶುದ್ಧಿ ಮಾಡಿ ಕಳಿಸಿದ್ದು.

ನೀವು ಮತ್ತೆ ಸೂರ್ಯಕಾಂತಿ ಹಾಕುವುದಿದ್ದರೆ: ಹೈಬ್ರಿಡ್ ಬೀಜ, 60 × 30 ಸೆಂ.ಮೀ. ಅಂತರ, ನೆಕ್ರೋಸಿಸ್ ತಡೆಗೆ ಬೀಜೋಪಚಾರ, ಹೊಲದ ಸುತ್ತ ಹತ್ತು ಹದಿನೈದು ದಿನ ಮೊದಲೇ ಮೂರು ನಾಲ್ಕು ಸಾಲು ಜೋಳ. ಹಳದಿ ಎಸಳು ಬಿಚ್ಚುವಾಗ ಲೀಟರಿಗೆ 2 ಗ್ರಾಂ ಬೋರಾಕ್ಸ್ ಸಿಂಪಡಿಸಿ, ಹೆಕ್ಟೇರಿಗೆ ಐದು ಜೇನು ಪೆಟ್ಟಿಗೆ ಇಟ್ಟರೆ ಜೊಳ್ಳು ಕಡಿಮೆಯಾಗುತ್ತದೆ. ಹೂ ಬಿಟ್ಟಾಗ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ, ಜೇನು ಬರುವುದೇ ಆಗ.

ಪ್ರಶ್ನೆ: ತೊಗರಿಗೆ ಒಳ್ಳೆಯ ದರ ಬರುತ್ತಿದ್ದಂತೆ ಆಫ್ರಿಕಾದ ತೊಗರಿ ಬಂದು ಬೀಳುತ್ತದೆ. ಇದು ಕಾಕತಾಳೀಯವೇ?
— ರೈತರು, ಕಲಬುರಗಿ

ಅಲ್ಲ, ಪಂಚಾಂಗವೇ ಹಾಗಿದೆ. ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಲ್ಲಿ ಕೊಯ್ಲು ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಹಡಗೇರಿ ಇಲ್ಲಿಗೆ ತಲುಪುವುದು ಹಳೆಯ ದಾಸ್ತಾನು ಮುಗಿದು, ನಿಮ್ಮ ಹೊಸ ತೊಗರಿ ಡಿಸೆಂಬರ್-ಜನವರಿಯಲ್ಲಿ ಅಂಗಳಕ್ಕೆ ಬರುವ ಮುಂಚೆ. ದರ ಅತಿ ಹೆಚ್ಚು ಇರುವುದೂ ಆಗಲೇ.

ಇಂಥ ಸರಕಿನಲ್ಲಿ ಆಮದು ಎಂದರೆ ಉಳಿಕೆ ಲೆಕ್ಕ: ಬಳಕೆಯಿಂದ ಉತ್ಪಾದನೆಯನ್ನೂ ದಾಸ್ತಾನನ್ನೂ ಕಳೆದರೆ ಉಳಿಯುವುದು. ಬಳಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದು, ಉತ್ಪಾದನೆ ಬದಲಾಗುತ್ತದೆ. 2021-22ರಲ್ಲಿ 42 ಲಕ್ಷ ಟನ್ ದಾಟಿದ್ದ ದೇಶದ ತೊಗರಿ, ಮರುವರ್ಷ ಮಳೆ ಮತ್ತು ನೆಟೆ ರೋಗದ ಹೊಡೆತಕ್ಕೆ 33 ಲಕ್ಷ ಟನ್ ಆಸುಪಾಸಿಗೆ ಇಳಿಯಿತು. ಆ ವರ್ಷ ಆಮದು ಸುಮಾರು 9 ಲಕ್ಷ ಟನ್ ಆದದ್ದು ಸಹಜ.

ತೊಂದರೆ ಇರುವುದು ಬಾಗಿಲು ಮುಚ್ಚುವ ಹೊತ್ತಿನಲ್ಲಿ. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿ, ಆ ರಿಯಾಯಿತಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. 2023ರ ಡಿಸೆಂಬರ್‌ನಿಂದ ಸುಂಕವಿಲ್ಲದೆ ಹಳದಿ ಬಟಾಣಿಯೂ ಬಂತು. ಬಟಾಣಿ ಅಗ್ಗ. ಹೋಟೆಲಿನ ಸಾಂಬಾರು, ಬೋಂಡಾ ಹಿಟ್ಟಿನಲ್ಲಿ ಕಡಲೆ, ತೊಗರಿಯ ಜಾಗ ಹಿಡಿಯುತ್ತದೆ. ಆದ್ದರಿಂದ ನಿಮ್ಮ ದರ ಅಂದಾಜು ಮಾಡುವಾಗ ಆಫ್ರಿಕಾದ ತೊಗರಿಯಷ್ಟೇ ಕೆನಡಾ, ರಷ್ಯಾದ ಬಟಾಣಿಯ ಮೇಲೂ ಕಣ್ಣಿರಲಿ. ಬಿತ್ತುವ ಮುನ್ನ ನೋಡಬೇಕಾದದ್ದು ಎರಡು: ಸುಂಕ ವಿನಾಯಿತಿಯ ಕೊನೆಯ ದಿನಾಂಕ ಮತ್ತು ಸರ್ಕಾರದ ಬಳಿ ಇರುವ ಕಾಪು ದಾಸ್ತಾನು (ಬಫರ್ ಸ್ಟಾಕ್).

ಪ್ರಶ್ನೆ: 12,500 ಡಾಲರಿನ ಒಂದು ಯಂತ್ರ ತರಿಸಬೇಕೆಂದಿದ್ದೇವೆ. ಡಾಲರ್ 80ರಿಂದ 88ಕ್ಕೆ ಹೋದರೆ ನಮಗೆ ನಿಜವಾಗಿ ಎಷ್ಟು ಹೆಚ್ಚು ಬೀಳುತ್ತದೆ? ಸುಂಕ ಹೇಗೆ ಲೆಕ್ಕ ಹಾಕುವುದು?
— ಸಣ್ಣ ಕೈಗಾರಿಕೆಯವರು, ಪೀಣ್ಯ

12,500 ಡಾಲರ್ ಎಂದರೆ ಯಾವ ದರ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮಾರುವವರ ಬಂದರಿನವರೆಗಿನ ಬೆಲೆಯಾದರೆ ಅದು ಎಫ್‌ಒಬಿ. ಸಾಗಣೆ, ವಿಮೆ ಸೇರಿಸಿದರೆ ಸಿಐಎಫ್. ಸುಂಕ ಬೀಳುವುದು ಸಿಐಎಫ್ ಮೇಲೆ. ಸಾಗಣೆ ಮತ್ತು ವಿಮೆಯ ಬಿಲ್ ತೋರಿಸದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿಯ ಶೇ 20ನ್ನು ಸಾಗಣೆ ಎಂದೂ ಶೇ 1.125ನ್ನು ವಿಮೆ ಎಂದೂ ತಾವೇ ಸೇರಿಸುತ್ತಾರೆ. ನಿಜವಾದ ಖರ್ಚು ಅದಕ್ಕಿಂತ ಕಡಿಮೆ ಇದ್ದರೆ ಬಿಲ್ ಇಟ್ಟುಕೊಳ್ಳದವರಿಗೆ ಅಷ್ಟೂ ನಷ್ಟ.

ಸಿಐಎಫ್ 12,500 ಡಾಲರ್, ಮೂಲ ಸುಂಕ ಶೇ 7.5, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಶೇ 18 ಎಂದಿಟ್ಟುಕೊಳ್ಳೋಣ.

ಡಾಲರ್ 80 ರೂ. ಇದ್ದಾಗ ಮೌಲ್ಯ 10,00,000. ಮೂಲ ಸುಂಕ 75,000. ಅದರ ಶೇ 10 ಸರ್ಚಾರ್ಜ್ 7,500. ಇಲ್ಲಿಗೆ 10,82,500. ಈ ಮೊತ್ತದ ಮೇಲೆ ಐಜಿಎಸ್‌ಟಿ 1,94,850. ಒಟ್ಟು 12,77,350 ರೂ.

88 ರೂ. ಆದಾಗ ಮೌಲ್ಯ 11,00,000. ಸುಂಕ 82,500, ಸರ್ಚಾರ್ಜ್ 8,250, ಇಲ್ಲಿಗೆ 11,90,750. ಐಜಿಎಸ್‌ಟಿ 2,14,335. ಒಟ್ಟು 14,05,085 ರೂ.

ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ (ಮುಂದೆ ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಂಡು) ವಾಪಸ್ ಪಡೆಯಬಹುದು, ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮಾತ್ರ ಆಗದು. ಕ್ರೆಡಿಟ್ ಸಿಗುವವರಿಗೆ ನಿಜವಾದ ಹೆಚ್ಚುವರಿ 1,08,250 ರೂ. ಯಂತ್ರದ ಬೆಲೆ ಏರಿದ್ದು ಒಂದು ಲಕ್ಷ, ಮಿಕ್ಕ 8,250 ಸುಂಕದ ಪಾಲು. ಕ್ರೆಡಿಟ್ ಸಿಗುವವರೆಗೆ ಕೈಯಿಂದ ಹಾಕಬೇಕಾದ ಹಣವೂ ಹೆಚ್ಚಿತು ಎಂಬುದನ್ನು ನಗದು ಲೆಕ್ಕದಲ್ಲಿ ಬಿಡಬೇಡಿ.

ಕಸ್ಟಮ್ಸ್ ಬಳಸುವುದು ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಘೋಷಣಾ ಪತ್ರ) ಸಲ್ಲಿಸಿದ ದಿನ ಜಾರಿಯಲ್ಲಿರುವ ಅಧಿಕೃತ ದರವನ್ನು, ನಿಮ್ಮ ಬ್ಯಾಂಕಿನ ದರವನ್ನಲ್ಲ. ಬ್ಯಾಂಕಿಗೆ ಹಣ ಕಟ್ಟುವ ದಿನ ದರ ಬೇರೆಯೇ ಇರುತ್ತದೆ. ಪಾವತಿ ಮೂರು ತಿಂಗಳ ಆಚೆಗಿದ್ದರೆ ಬ್ಯಾಂಕಿನಲ್ಲಿ ಫಾರ್ವರ್ಡ್ ಮಾಡಿಸಿ, ಅಂದರೆ ಆ ದಿನದ ಡಾಲರ್ ದರವನ್ನು ಈಗಲೇ ನಿಗದಿ ಮಾಡಿಕೊಳ್ಳಿ. ಪ್ರೀಮಿಯಂ ಹೋಗುತ್ತದೆ, ಆದರೆ ಗ್ರಾಹಕರಿಗೆ ದರ ಹೇಳಿ ಕೈ ಸುಟ್ಟುಕೊಳ್ಳುವುದು ತಪ್ಪುತ್ತದೆ.

ಎಡವಟ್ಟಾಗುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಇನ್‌ವಾಯ್ಸ್‌ನಲ್ಲಿ ಮಾರುವವರು ಹಾಕಿದ ಎಚ್‌ಎಸ್ ಸಂಕೇತವನ್ನೇ (ಸರಕು ಯಾವುದೆಂದು ಗುರುತಿಸುವ ಅಂಕಿ) ನಂಬುವುದು ಅವುಗಳಲ್ಲಿ ಮೊದಲನೆಯದು. ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ ಇರಬಹುದು, ಮುಂದಿನ ಎರಡು ನಮ್ಮವು. ಬಿಡಿಭಾಗವನ್ನು ಯಂತ್ರದ ಸಂಕೇತದಲ್ಲಿ ಹಾಕಿದರೆ ಸುಂಕದ ವ್ಯತ್ಯಾಸದ ಜೊತೆ ದಂಡವೂ ಬೀಳುತ್ತದೆ. ಆಸಿಯಾನ್, ಕೊರಿಯಾ, ಜಪಾನ್ ಒಪ್ಪಂದಗಳ ರಿಯಾಯಿತಿ ಕೇಳುವವರು ಸರಕು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರವೊಂದನ್ನೇ ಇಟ್ಟುಕೊಂಡರೆ ಸಾಲದು. 2020ರ ನಿಯಮದ ಪ್ರಕಾರ ಸರಕು ಆ ದೇಶದ್ದೇ ಎಂಬುದಕ್ಕೆ ಉತ್ಪಾದನೆಯ ವಿವರವೂ ನಿಮ್ಮ ಬಳಿ ಇರಬೇಕು. ಹಳೆಯ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ ಬೇಕು. ಹಡಗಿನ ಸರಕಿಗೆ ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂ. ಶುಲ್ಕ. ಬಂದರಿನ ಡೆಮರೇಜ್ (ಸರಕು ತೆರವು ತಡವಾದರೆ ಬೀಳುವ ಶುಲ್ಕ), ಕಂಟೇನರ್ ಬಾಡಿಗೆ ಅದರ ಮೇಲೆ.

ಇಷ್ಟೆಲ್ಲ ಲೆಕ್ಕದ ನಂತರವೂ ಯಂತ್ರ ತರಿಸುವುದೋ ಬೇಡವೋ ಎಂಬುದು ನಿಮ್ಮ ಆರ್ಡರ್ ಪುಸ್ತಕದ ಮೇಲೆಯೇ ನಿಂತಿದೆ. ಎರಡು ವರ್ಷದ ಕೆಲಸ ಕೈಯಲ್ಲಿದ್ದರೆ ಒಂದು ಲಕ್ಷ ಹೆಚ್ಚಾದರೂ ತರಿಸುತ್ತೀರಿ. ಇಲ್ಲದಿದ್ದರೆ 80ಕ್ಕೂ ತರಿಸುವುದಿಲ್ಲ. ದೇಶದ ಮಟ್ಟದಲ್ಲೂ ಯಂತ್ರಗಳ ಆಮದು ಹೂಡಿಕೆಯ ಹಿಂದೆ ಹೋಗುತ್ತದೆ.

ಪ್ರಶ್ನೆ: ಕೆಜಿಎಫ್ ಗಣಿ ಮುಚ್ಚದಿದ್ದರೆ ಇಷ್ಟು ಚಿನ್ನ ತರಿಸಬೇಕಿತ್ತೇ?
— ನಿವೃತ್ತ ಶಿಕ್ಷಕರು, ಬಂಗಾರಪೇಟೆ

ತರಿಸಬೇಕಿತ್ತು. 2001ರ ಫೆಬ್ರುವರಿ 28ರಂದು ಮುಚ್ಚುವ ತನಕ ಸುಮಾರು 120 ವರ್ಷಗಳಲ್ಲಿ ಕೆಜಿಎಫ್ ಕೊಟ್ಟ ಚಿನ್ನ 800 ಟನ್ ಆಸುಪಾಸು. ಭಾರತ ಈಗ ಒಂದೊಂದು ವರ್ಷಕ್ಕೆ ತರಿಸುವುದು 700-800 ಟನ್. ಹಟ್ಟಿ ಗಣಿಯ ವಾರ್ಷಿಕ ಉತ್ಪಾದನೆ ಎರಡು ಟನ್‌ಗೂ ಕಡಿಮೆ.

ಚಿನ್ನದ ಬೇಡಿಕೆ ಆದಾಯ, ಮದುವೆ, ಮುಂಗಾರು, ಮುಂದೆ ದರ ಏರುತ್ತದೆಂಬ ನಿರೀಕ್ಷೆ ಇವುಗಳಿಂದ ಹುಟ್ಟುತ್ತದೆ. ಬ್ಯಾಂಕ್ ಬಡ್ಡಿ ಹಣದುಬ್ಬರಕ್ಕಿಂತ ಕಡಿಮೆಯಾದಾಗ ಇನ್ನೂ ಹೆಚ್ಚುತ್ತದೆ. 2012-13ರಲ್ಲಿ ಚಾಲ್ತಿ ಖಾತೆ ಕೊರತೆ (ವ್ಯಾಪಾರ, ಸೇವೆ ಮುಂತಾದವುಗಳಿಂದ ದೇಶ ಗಳಿಸಿದ ವಿದೇಶಿ ಹಣಕ್ಕಿಂತ ಹೊರಹೋದದ್ದು ಎಷ್ಟು ಹೆಚ್ಚು ಎಂಬ ಲೆಕ್ಕ) ಜಿಡಿಪಿಯ ಶೇ 4.8 ಮುಟ್ಟಿತು. ಆಗ 2013ರ ಒಂದೇ ವರ್ಷದಲ್ಲಿ ಸುಂಕವನ್ನು ಹಂತಹಂತವಾಗಿ ಶೇ 10ಕ್ಕೆ ಏರಿಸಲಾಯಿತು. ತರಿಸಿದ್ದರಲ್ಲಿ ಐದನೇ ಒಂದು ಪಾಲನ್ನು ರಫ್ತುದಾರರಿಗೆ ಕೊಡಬೇಕೆಂಬ 80:20 ನಿಯಮ ಬಂತು. ಲೆಕ್ಕದಲ್ಲಿ ಆಮದು ಇಳಿಯಿತು, ಕಳ್ಳಸಾಗಣೆ ಏರಿತು. 2014ರ ನವೆಂಬರ್‌ನಲ್ಲಿ ನಿಯಮ ರದ್ದಾಯಿತು. 2022ರ ಜುಲೈಯಲ್ಲಿ ಸುಂಕ ಶೇ 15ಕ್ಕೆ ಹೋಗಿ, 2024ರ ಜುಲೈಯಲ್ಲಿ ಶೇ 6ಕ್ಕೆ ಇಳಿದದ್ದಕ್ಕೂ ಕಳ್ಳಸಾಗಣೆಯ ಲಾಭ ತಗ್ಗಿಸುವ ಉದ್ದೇಶವಿತ್ತು. ಶೇ 15ರ ಸುಂಕವಿದ್ದಾಗ ಯುಎಇ ಒಪ್ಪಂದದ ಕಡಿಮೆ ಸುಂಕ ಬಳಸಿಕೊಂಡು, ಬಹುಪಾಲು ಚಿನ್ನವೇ ಇರುವ ಮಿಶ್ರಲೋಹವನ್ನು ‘ಪ್ಲಾಟಿನಂ’ ಎಂದು ತರಿಸಿದವರೂ ಇದ್ದರು.

ಮನೆಯ ಹಳೆಯ ಚಿನ್ನ ಕರಗಿಸಿ ಹೊಸ ಒಡವೆ ಮಾಡಿಸಿದರೆ ಆಮದು ಬೇಡಿಕೆ ಅಷ್ಟರಮಟ್ಟಿಗೆ ತಗ್ಗುತ್ತದೆ. ದರ ಏರಿದಾಗ ಜನ ಮಾಡುವುದೂ ಅದನ್ನೇ.

ಪ್ರಶ್ನೆ: ಎಲ್ಲರೂ ಚೀನಾ ವಸ್ತು ಕೊಳ್ಳುವುದನ್ನು ಬಿಟ್ಟರೆ ಆಮದು ನಿಲ್ಲುವುದಿಲ್ಲವೇ?
— ಕಾಲೇಜು ವಿದ್ಯಾರ್ಥಿಗಳು, ಶಿವಮೊಗ್ಗ ಮತ್ತು ಹಾಸನ

ನಿಮ್ಮ ಕಳಕಳಿ ದೊಡ್ಡದು, ಆದರೆ ನೀವು ಬಿಡಬಹುದಾದ ವಸ್ತುಗಳ ಪಾಲು ಚಿಕ್ಕದು. ಚೀನಾದಿಂದ ಬರುವುದರಲ್ಲಿ ಹೆಚ್ಚಿನದು ಎಲೆಕ್ಟ್ರಾನಿಕ್ ಬಿಡಿಭಾಗ, ಯಂತ್ರ, ರಾಸಾಯನಿಕ, ಔಷಧದ ಮೂಲವಸ್ತು. ಅವುಗಳನ್ನು ಕೊಳ್ಳುವುದು ಗ್ರಾಹಕರಲ್ಲ, ಕಾರ್ಖಾನೆಗಳು. 2020ರ ಗಲ್ವಾನ್ ಘರ್ಷಣೆಯ ನಂತರ ಬಹಿಷ್ಕಾರದ ಕೂಗು ಜೋರಾಗಿತ್ತು. ಆದರೂ ಚೀನಾದಿಂದ ಆಮದು 2020-21ರ ಸುಮಾರು 65 ಬಿಲಿಯನ್ ಡಾಲರಿನಿಂದ 2023-24ಕ್ಕೆ 100 ಬಿಲಿಯನ್ ದಾಟಿತು. ನರಸಾಪುರ, ದೇವನಹಳ್ಳಿಯಲ್ಲಿ ಜೋಡಣೆಯಾಗುವ ಫೋನ್ ರಫ್ತಾದಷ್ಟೂ ಅದರೊಳಗಿನ ಭಾಗಗಳ ಆಮದೂ ಏರುತ್ತದೆ. ರಫ್ತು ಹೆಚ್ಚಲಿ ಎಂದು ಬಯಸುತ್ತಲೇ ಈ ಆಮದು ಇಳಿಯಲಿ ಎನ್ನಲಾಗದು. ಬಿಡಿಭಾಗ ಇಲ್ಲೇ ತಯಾರಾಗಬೇಕು, ಅದಕ್ಕೆ ವರ್ಷಗಳು ಬೇಕು.

ಬೇಗ ಫಲ ಕೊಟ್ಟದ್ದು ಆಟಿಕೆಗಳಲ್ಲಿ. 2020ರ ಫೆಬ್ರುವರಿಯಲ್ಲಿ ಸುಂಕ ಶೇ 20ರಿಂದ 60ಕ್ಕೆ ಏರಿತು, 2021ರ ಜನವರಿ 1ರಿಂದ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾಯಿತು. 2018-19ರಲ್ಲಿ ಸುಮಾರು 370 ಮಿಲಿಯನ್ ಡಾಲರ್ ಇದ್ದ ಆಟಿಕೆ ಆಮದು 2021-22ಕ್ಕೆ ಸುಮಾರು 110 ಮಿಲಿಯನ್‌ಗೆ ಬಂತು. ಇಲ್ಲಿ ತಯಾರಕರು ಮೊದಲೇ ಇದ್ದರು, ತಂತ್ರಜ್ಞಾನ ಕಷ್ಟದ್ದಲ್ಲ.

ಕಚ್ಚಾ ರೇಷ್ಮೆ ಇವೆರಡರ ನಡುವೆ ಇದೆ. 2011ರ ಬಜೆಟ್‌ನಲ್ಲಿ ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ರಾಮನಗರ, ಶಿಡ್ಲಘಟ್ಟದ ಗೂಡಿನ ದರ ನೆಲಕಚ್ಚಿತು. 2013ರಲ್ಲಿ ಅದನ್ನು ಶೇ 15ಕ್ಕೆ ಏರಿಸಬೇಕಾಯಿತು. ಆದರೆ ನೇಕಾರರು ಚೀನಾ ನೂಲು ಕೇಳುವುದು ಅಗ್ಗವೆಂಬ ಒಂದೇ ಕಾರಣಕ್ಕಲ್ಲ. ಪವರ್‌ಲೂಮಿನಲ್ಲಿ ಹಾಸುವ ಉದ್ದ ಎಳೆಗಳಿಗೆ ದಪ್ಪದಲ್ಲಿ ಏರುಪೇರಿಲ್ಲದ, ಕಡಿಯದ ದ್ವಿತಳಿ (ಬೈವೋಲ್ಟೈನ್ ರೇಷ್ಮೆಹುಳುವಿನ) ನೂಲು ಬೇಕು. ಮಿಶ್ರತಳಿ ಗೂಡನ್ನು ಚರಕದಲ್ಲಿ ಬಿಚ್ಚಿದರೆ ಅದು ಸಿಗುವುದಿಲ್ಲ. ದ್ವಿತಳಿ ಗೂಡು, ಸ್ವಯಂಚಾಲಿತ ರೀಲಿಂಗ್ ಯಂತ್ರ ಹೆಚ್ಚಿದಷ್ಟೂ ಈ ಬೇಡಿಕೆ ದೇಶದೊಳಕ್ಕೆ ತಿರುಗುತ್ತದೆ.

ಪ್ರಶ್ನೆ: ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂ. ಇದ್ದರೂ ಹೊರಗಿನ ಅಡಿಕೆ ಬರುವುದು ಹೇಗೆ?
— ಬೆಳೆಗಾರರು, ಶಿರಸಿ

2023ರ ಫೆಬ್ರುವರಿಯಲ್ಲಿ 251ರಿಂದ 351ಕ್ಕೆ ಏರಿಸಿದ ಈ ಬೆಲೆಗಿಂತ ಕೆಳಗೆ ಅಡಿಕೆ ತರಿಸುವಂತಿಲ್ಲ. ಆದರೆ ಇನ್‌ವಾಯ್ಸ್‌ನಲ್ಲಿ ಹೆಚ್ಚು ಬೆಲೆ ಬರೆಸುವುದು, ‘ಹುರಿದ ಅಡಿಕೆ’ ಎಂದು ಬೇರೆ ಸಂಕೇತದಡಿ ತರುವುದು, ಈಶಾನ್ಯದ ಗಡಿಯಿಂದ ಕಳ್ಳದಾರಿಯಲ್ಲಿ ತರುವುದು ಇವು ಹಳೆಯ ವರಸೆಗಳು. ಒಳಗಿನ ದರ ಹೊರಗಿನದರ ಎಷ್ಟೋ ಪಟ್ಟು ಇರುವವರೆಗೆ ಒತ್ತಡ ಇದ್ದೇ ಇರುತ್ತದೆ. ಅದಕ್ಕೇ ಬೆಲೆ ಏರಿಸುವುದರ ಜೊತೆ ಬಂದರಿನಲ್ಲಿ ಮಾದರಿ ಪರೀಕ್ಷೆ, ಗಡಿಯಲ್ಲಿ ತಪಾಸಣೆ ಬಿಗಿಯಾಗಬೇಕು.

ಪ್ರಶ್ನೆ: ಪ್ರತಿ ತಿಂಗಳ ಆಮದು ಅಂಕಿಯನ್ನು ಸಾಮಾನ್ಯ ಓದುಗರು ಹೇಗೆ ಓದಬೇಕು?
— ಓದುಗರು, ಮಂಗಳೂರು

ವಾಣಿಜ್ಯ ಸಚಿವಾಲಯ ತಿಂಗಳ ಮಧ್ಯದಲ್ಲಿ ಹಿಂದಿನ ತಿಂಗಳ ಅಂಕಿ ಕೊಡುತ್ತದೆ. ಅದು ತಾತ್ಕಾಲಿಕ. 2024ರ ನವೆಂಬರ್‌ನ ಚಿನ್ನದ ಆಮದು ಮೊದಲು ಸುಮಾರು 14.8 ಬಿಲಿಯನ್ ಡಾಲರ್ ಎಂದು ಬಂದು ಎಲ್ಲರನ್ನೂ ಬೆಚ್ಚಿಬೀಳಿಸಿತು, ಆಮೇಲೆ 9.8 ಬಿಲಿಯನ್ ಎಂದು ತಿದ್ದಲಾಯಿತು. ಆ ಐದು ಬಿಲಿಯನ್ ಬರೀ ಎಣಿಕೆಯ ತಪ್ಪು.

ತೈಲ ಮತ್ತು ಚಿನ್ನವನ್ನು ತೆಗೆದಿಟ್ಟು ಉಳಿದದ್ದನ್ನು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿ. ದೇಶದೊಳಗಿನ ಬೇಡಿಕೆಯ ನಾಡಿ ಸಿಗುವುದು ಅಲ್ಲಿ. ತೈಲದ ಸಾಲಿನಲ್ಲಿ ಹಣದ ಪಕ್ಕದಲ್ಲೇ ಟನ್ ಎಷ್ಟೆಂದು ನೋಡಿ: ಹಣ ಏರಿ ಟನ್ ಏರದಿದ್ದರೆ ಅದು ವಿಶ್ವದ ದರ, ನಮ್ಮ ಬಳಕೆಯಲ್ಲ. ನಿಮ್ಮೂರಿನ ಎಂಆರ್‌ಪಿಎಲ್‌ನಂಥ ರಿಫೈನರಿಗಳು ತರಿಸಿದ ಕಚ್ಚಾತೈಲದ ಒಂದು ಪಾಲು ಡೀಸೆಲ್, ವಿಮಾನ ಇಂಧನವಾಗಿ ಮತ್ತೆ ಹೊರಗೆ ಹೋಗುತ್ತದೆ. ದೇಶದಿಂದ ವರ್ಷಕ್ಕೆ ಹಾಗೆ ಹೋಗುವುದು 6 ಕೋಟಿ ಟನ್ ಆಸುಪಾಸು. ಆದ್ದರಿಂದ ತೈಲ ಆಮದಿನ ಸಾಲನ್ನು ಓದಿದ ಮೇಲೆ ರಫ್ತಿನ ಪಟ್ಟಿಯಲ್ಲಿ ಪೆಟ್ರೋಲಿಯಂ ಉತ್ಪನ್ನಗಳ ಸಾಲನ್ನೂ ಹುಡುಕಿ, ಕಳೆದು ನೋಡಿ.